ನಮ್ಮೂರ ಮಳೆ ಲೆಕ್ಕ ಯಾರ ಹತ್ತಿರ ಇದೆ?

ಹೋದ ತಿಂಗಳು ಇದೇ ಪುಟದಲ್ಲಿ ಒಂದು ಮಾತು ಬರೆದಿದ್ದೆ. ಸರ್ಕಾರದ ಇಲಾಖೆಗಳ ಹತ್ತಿರ ಇರುವ ಅಂಕಿ ಅಂಶ ನಮ್ಮ ತೆರಿಗೆ ದುಡ್ಡಲ್ಲೇ ಕೂಡಿಟ್ಟಿದ್ದು, ಕೇಳೋಕೆ ಹಿಂಜರಿಯಬೇಡಿ ಅಂತ. ಅಷ್ಟಕ್ಕೇ ಪತ್ರಗಳ ರಾಶಿ ಬಂತು. ಅರ್ಧಕ್ಕರ್ಧ ಬೈಗುಳ: "ಬರೆಯೋದು ಸುಲಭ, ಕೇಳಿ ನೋಡಿ, ಆಗ ಗೊತ್ತಾಗುತ್ತೆ." ಕೇಳಿ ನೋಡಿದ್ದೇನೆ ಮಾರಾಯ್ರೆ, ಅದಕ್ಕೇ ಬರೆದಿದ್ದು. ಈ ಸಲ ಇಡೀ ಪುಟ ಇದಕ್ಕೇ ಬಿಟ್ಟಿದ್ದೇನೆ. ಹೆಸರು ಹಾಕಬೇಡಿ ಅಂತ ತುಂಬಾ ಜನ ಕೇಳಿಕೊಂಡಿದ್ದರಿಂದ ಎಲ್ಲರದ್ದೂ ಊರು ಮಾತ್ರ.

ಪ್ರಶ್ನೆ: ನಮ್ಮದು ಎರಡು ಎಕರೆ ಅಡಿಕೆ ತೋಟ. ಹವಾಮಾನ ಆಧಾರಿತ ಬೆಳೆ ವಿಮೆ ವರ್ಷಾ ವರ್ಷ ಕಟ್ಟುತ್ತೇವೆ. ಹೋದ ಮಳೆಗಾಲದಲ್ಲಿ ಕೊಳೆ ರೋಗ ಬಂದು ಅರ್ಧ ಫಸಲು ಉದುರಿತು. ಪಕ್ಕದ ಪಂಚಾಯ್ತಿಯವರಿಗೆ ದುಡ್ಡು ಬಂತು, ನಮಗೆ ಅದರ ಕಾಲು ಭಾಗವೂ ಇಲ್ಲ. ಒಂದು ಕಚೇರಿಯಲ್ಲಿ ಕೇಳಿದರೆ ಇನ್ನೊಂದು ಕಚೇರಿ ತೋರಿಸುತ್ತಾರೆ. ಮಳೆ ಲೆಕ್ಕ ಯಾರ ಹತ್ತಿರ ಇದೆ ಸರ್?
— ಸಿದ್ದಾಪುರ, ಉತ್ತರ ಕನ್ನಡ

ಉತ್ತರ: ಮೊದಲು ಒಂದು ವಿಷಯ ತಿಳಿದುಕೊಳ್ಳಿ. ಈ ವಿಮೆಯಲ್ಲಿ ನಿಮ್ಮ ತೋಟದಲ್ಲಿ ಎಷ್ಟು ಅಡಿಕೆ ಉದುರಿತು ಅಂತ ಯಾರೂ ಬಂದು ಎಣಿಸುವುದಿಲ್ಲ. ನಿಮ್ಮ ಪಂಚಾಯ್ತಿಗೆ ಲೆಕ್ಕ ಹಿಡಿದಿರುವ ಯಂತ್ರ ಏನು ಹೇಳಿತೋ ಅದೇ ಲೆಕ್ಕ. ಎಷ್ಟು ದಿನ ಎಷ್ಟು ಮಿಲಿಮೀಟರ್ ಬಿದ್ದರೆ ಎಷ್ಟು ಪರಿಹಾರ ಅನ್ನೋದನ್ನ ಟರ್ಮ್ ಶೀಟ್ ಅನ್ನುವ ಕಾಗದದಲ್ಲಿ ಮೊದಲೇ ಬರೆದಿಟ್ಟಿರುತ್ತಾರೆ. ಹಾಗಾಗಿ ನಿಮ್ಮ ಜಗಳ ಕೊಳೆಯ ಮೇಲಲ್ಲ, ಯಂತ್ರದ ಮೇಲೆ.

ಆ ಯಂತ್ರ ಇರುವುದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ್ದು. 1988ರಲ್ಲಿ ಬರ ಉಸ್ತುವಾರಿ ಘಟಕ ಅಂತ ಶುರುವಾದ ಸಂಸ್ಥೆ ಅದು. ಇವತ್ತು ರಾಜ್ಯದಲ್ಲಿ ಆರು ಸಾವಿರಕ್ಕೂ ಜಾಸ್ತಿ ಮಳೆಮಾಪಕ ಇಟ್ಟಿದೆ, ಹೆಚ್ಚು ಕಮ್ಮಿ ಪಂಚಾಯ್ತಿಗೊಂದು. ಸೋಲಾರ್ ಪ್ಲೇಟು, ಒಳಗೊಂದು ಸಿಮ್ಮು, 15 ನಿಮಿಷಕ್ಕೊಮ್ಮೆ ತಾನೇ ಬೆಂಗಳೂರಿಗೆ ಲೆಕ್ಕ ಕಳಿಸುತ್ತದೆ. ಪಂಚಾಯ್ತಿ ಮಟ್ಟದಲ್ಲಿ ಇಷ್ಟು ಒತ್ತೊತ್ತಾಗಿ ಮಳೆ ಅಳೆಯುವುದು ಸಣ್ಣ ಮಾತಲ್ಲ, ಇದರಲ್ಲಿ ನಮ್ಮ ರಾಜ್ಯದ ಬೆನ್ನು ತಟ್ಟಲೇಬೇಕು. ನಾನೊಂದು ಪಂಚಾಯ್ತಿಯಲ್ಲಿ ಹೋಗಿ ನೋಡಿದ್ದೇನೆ, ಊರಿನ ಹೆಸರು ಬೇಡ. ಕಟ್ಟಡದ ಪಕ್ಕ ಕಂಬ, ಕಂಬದ ಮೇಲೆ ಬಿಳಿ ಡಬ್ಬಿ. ಅದರ ನೆತ್ತಿಗೆ ಸರಿಯಾಗಿ ಹಲಸಿನ ಕೊಂಬೆಯೊಂದು ಚಾಚಿಕೊಂಡಿತ್ತು. ಡಬ್ಬಿಯೊಳಗೆ ಇಣುಕಿದರೆ ಒಣಗಿದ ಎಲೆ, ಜೇಡರ ಬಲೆ. ಬೆಂಗಳೂರಿನ ಕಂಪ್ಯೂಟರಿಗೆ ಆ ಹಲಸಿನ ಕೊಂಬೆ ಕಾಣುತ್ತಾ? ಕಾಣಲ್ಲ. ಊರಿನವರಿಗೆ ಕಾಣುತ್ತದೆ. ಆದರೆ ಊರಿನವರಿಗೆ ಆ ಡಬ್ಬಿ ಕಳಿಸಿದ ಅಂಕಿ ಕಾಣಲ್ಲ. ನನ್ನ ಕೇಳಿದರೆ ಇಡೀ ಕಥೆ ಇಷ್ಟೇ.

ಈಗ ನಿಮ್ಮ ವಿಮೆಯಲ್ಲಿ ಯಾರ್ಯಾರು ಇದ್ದಾರೆ ನೋಡಿ. ಮಳೆ ಅಳೆಯುವುದು ಉಸ್ತುವಾರಿ ಕೇಂದ್ರ. ಅಡಿಕೆ, ಕಾಳುಮೆಣಸಿನ ವಿಮೆ ನೋಡಿಕೊಳ್ಳುವುದು ತೋಟಗಾರಿಕೆ ಇಲಾಖೆ. ಪಹಣಿ ಇರುವುದು ಕಂದಾಯ ಇಲಾಖೆಯ "ಭೂಮಿ" ಅನ್ನುವ ಕಂಪ್ಯೂಟರ್ ದಾಖಲೆಯಲ್ಲಿ, ರೈತರ ಗುರುತು ಫ್ರೂಟ್ಸ್ ಅನ್ನುವ ಸರ್ಕಾರಿ ರೈತ ನೋಂದಣಿಯ ನಂಬರಿನಲ್ಲಿ, ಅರ್ಜಿ ಹೋಗುವುದು ಬೆಳೆ ವಿಮೆಯ ಸಂರಕ್ಷಣೆ ಪೋರ್ಟಲ್ ಮೂಲಕ, ದುಡ್ಡು ಕಟ್ಟಿಸಿಕೊಳ್ಳುವುದು ಸೊಸೈಟಿ ಅಥವಾ ಬ್ಯಾಂಕು, ಕೊಡಬೇಕಾದ್ದು ವಿಮಾ ಕಂಪನಿ. ಒಳಗೊಳಗೆ ಇವರೆಲ್ಲ ಮಾಹಿತಿ ಹಂಚಿಕೊಳ್ಳುತ್ತಾರೆ, ಇಲ್ಲ ಅಂದರೆ ಅರ್ಜಿಯೇ ಮುಂದೆ ಹೋಗುವುದಿಲ್ಲ. ಅಂದರೆ ಕಂಪ್ಯೂಟರಿಂದ ಕಂಪ್ಯೂಟರಿಗೆ ದಾರಿ ಆಗಿಯೇ ಇದೆ. ಆ ದಾರಿಯಲ್ಲಿ ನಿಮಗೆ ಮಾತ್ರ ಜಾಗ ಇಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಇಲ್ಲಿ ಪೂಜಾರಿಗಳೇ ಐದಾರು ಜನ.

ಏನು ಮಾಡಬೇಕು? "ನಮಗೆ ಯಾಕೆ ಕಡಿಮೆ ಬಂತು" ಅಂತ ಕೇಳಬೇಡಿ, ಅದಕ್ಕೆ ಬರುವ ಉತ್ತರ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಿರುತ್ತದೆ. ಮಾಹಿತಿ ಹಕ್ಕಿನ ಅರ್ಜಿ ಹಾಕಿ ನಿಮ್ಮ ಪಂಚಾಯ್ತಿಯ ಮಳೆಮಾಪಕದ ದಿನವಾರು ಲೆಕ್ಕ ಕೇಳಿ, ವಿಮೆ ಅವಧಿ ಪೂರ್ತಿ. ಯಾವ ಯಾವ ದಿನ ಯಂತ್ರ ಕೆಟ್ಟಿತ್ತು, ಆ ದಿನಗಳಿಗೆ ಯಾವ ಬದಲಿ ಕೇಂದ್ರದ ಲೆಕ್ಕ ಹಾಕಿಕೊಂಡರು ಅಂತ ಕೇಳಿ. ಈ ಬದಲಿ ಕೇಂದ್ರದ ಪ್ರಶ್ನೆ ಬಿಡಲೇಬೇಡಿ. ಯಂತ್ರ ಕೆಟ್ಟರೆ ಹತ್ತಿರದ ಇನ್ನೊಂದು ಕೇಂದ್ರದ ಅಂಕಿ ಬಳಸಬಹುದು ಅಂತ ನಿಯಮದಲ್ಲೇ ಇದೆ, ಆದರೆ ಮಲೆನಾಡಿನಲ್ಲಿ "ಹತ್ತಿರ" ಅಂದರೆ ಏನು? ಗುಡ್ಡದ ಈ ಕಡೆ ಧೋ ಅಂತ ಸುರಿದರೆ ಆ ಕಡೆ ಹನಿ ಬಿದ್ದಿರಲ್ಲ. ಟರ್ಮ್ ಶೀಟಿನ ಪ್ರತಿಯನ್ನೂ ಕೇಳಿ. ಎರಡನ್ನೂ ಪಕ್ಕ ಪಕ್ಕ ಇಟ್ಟುಕೊಂಡರೆ ಲೆಕ್ಕ ನೀವೇ ಹಾಕಬಹುದು, ಮಗಳೋ ಮೊಮ್ಮಗನೋ ಎಕ್ಸೆಲ್ ಬಲ್ಲವರಿದ್ದರೆ ಒಂದು ಸಂಜೆಯ ಕೆಲಸ.

ಭಾರತ ಹವಾಮಾನ ಇಲಾಖೆಯ ಪುಣೆ ಕಚೇರಿ 1901ರಿಂದ ಇಲ್ಲಿವರೆಗಿನ ಮಳೆ ಲೆಕ್ಕವನ್ನು ಪುಕ್ಕಟೆ ಇಳಿಸಿಕೊಳ್ಳಲು ಬಿಟ್ಟಿದೆ. ತುಂಬಾ ಒಳ್ಳೆಯ ಕೆಲಸ. ಆದರೆ ಅದು ದೇಶವನ್ನು ಸುಮಾರು 25 ಕಿಲೋಮೀಟರಿನ ಚೌಕಗಳಾಗಿ ಮಾಡಿದ ಲೆಕ್ಕ. ಎರಡು ಎಕರೆ ತೋಟದ ಜಗಳಕ್ಕೆ ಅದು ದೊಡ್ಡ ಜರಡಿ.

ಇನ್ನೊಂದು ಮಾತು. ನಿಮ್ಮ ಕಡೆ ಎಷ್ಟೋ ಮನೆಗಳಲ್ಲಿ ಅಂಗಳದಲ್ಲಿ ಸ್ವಂತ ಮಳೆಮಾಪಕ ಇಟ್ಟು ಬೆಳಗ್ಗೆ ಎದ್ದ ಕೂಡಲೇ ಡೈರಿಯಲ್ಲಿ ಇಂಚು, ಸೆಂಟು ಅಂತ ಬರೆದಿಡುವ ರೂಢಿ ಇದೆ ಅಲ್ವಾ? ಅಂಥ ನಾಲ್ಕು ಡೈರಿ ಹುಡುಕಿ. ಕಾನೂನಿನಲ್ಲಿ ಅದು ವಿಮೆಯ ಲೆಕ್ಕ ಆಗುವುದಿಲ್ಲ. ಆದರೆ ನಾಲ್ಕು ಮನೆಯಲ್ಲೂ ಮಳೆ ಬಿದ್ದ ದಿನ ಯಂತ್ರ ಸೊನ್ನೆ ತೋರಿಸಿದ್ದರೆ ಅದರ ಮುಂದೆ ಯಾವ ಅಧಿಕಾರಿಯೂ ಸುಮ್ನೆ ಕೂರಲಾರರು.

ಪ್ರಶ್ನೆ: ಮಾಹಿತಿ ಹಕ್ಕು ಇದೆಯಲ್ಲ, ಮತ್ತೆ ಈ "ಮುಕ್ತ ದತ್ತಾಂಶ" ಅನ್ನುವುದು ಯಾಕೆ? ಸಾಫ್ಟ್‌ವೇರ್ ಹುಡುಗರ ಶೋಕಿ ಅನಿಸುತ್ತದೆ.
— ಹುಬ್ಬಳ್ಳಿ

ಉತ್ತರ: ಮುಕ್ತ ದತ್ತಾಂಶ ಅಂದರೆ ಇಲಾಖೆಯ ಅಂಕಿ ಅಂಶವನ್ನು ಕೇಳದೆಯೇ ಎಲ್ಲರಿಗೂ ಸಿಗುವ, ಬಳಸುವ ಹಾಗೆ ತೆರೆದಿಡುವುದು. ಶೋಕಿ ಅಲ್ಲ, ಅದು ಮಾಹಿತಿ ಹಕ್ಕು ಕಾಯ್ದೆಯ ಹೊಟ್ಟೆಯೊಳಗೇ ಇದೆ. 2005ರ ಕಾಯ್ದೆಯ 4ನೇ ಸೆಕ್ಷನ್ ಓದಿ. ಜನ ಅರ್ಜಿ ಹಾಕುವ ಅಗತ್ಯವೇ ಬೀಳದಷ್ಟು ಮಾಹಿತಿಯನ್ನು ಇಲಾಖೆ ತಾನಾಗಿ ಹೊರಗಿಡಬೇಕು, ಅದೂ ಸ್ಥಳೀಯ ಭಾಷೆಯನ್ನು ಗಮನದಲ್ಲಿಟ್ಟುಕೊಂಡು ಅಂತ ಹೇಳುತ್ತದೆ. ಅರ್ಜಿ ಹಾಕುವುದು ಎರಡನೇ ದಾರಿ, ನಾವು ಅದನ್ನೇ ಮೊದಲನೆಯದು ಮಾಡಿಕೊಂಡಿದ್ದೇವೆ.

ಸಾಫ್ಟ್‌ವೇರ್ ಹುಡುಗರ ಮಾತಿಗೆ ಬಂದರೆ, ಇದು ಶುರುವಾದದ್ದು ಕಂಪ್ಯೂಟರೇ ಇಲ್ಲದ ಕಡೆ. 1994ರಲ್ಲಿ ರಾಜಸ್ಥಾನದ ಕೋಟ್ ಕಿರಾನಾ ಅನ್ನುವ ಹಳ್ಳಿಯಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಕೂಲಿ ಹಾಜರಿ ಪಟ್ಟಿಯನ್ನು ಊರ ಮುಂದೆ ಗಟ್ಟಿಯಾಗಿ ಓದಿದರು. ಕೆಲಸಕ್ಕೆ ಬಾರದವರ ಹೆಸರಿಗೂ ಕೂಲಿ ಬರೆದಿತ್ತು. ಇಂಥ ಲೆಕ್ಕ ನೋಡುವ ಹಕ್ಕು ಬೇಕು ಅಂತ 1996ರಲ್ಲಿ ಅದೇ ರಾಜ್ಯದ ಬ್ಯಾವರಿನಲ್ಲಿ 40 ದಿನ ಧರಣಿ ಕೂತರು. ಅಲ್ಲಿಂದ ಬೆಳೆದದ್ದು ಮಾಹಿತಿ ಹಕ್ಕು. ಅದೇ ರಾಜಸ್ಥಾನ 2019ರ ಸೆಪ್ಟೆಂಬರಿನಲ್ಲಿ ಜನ ಸೂಚನಾ ಪೋರ್ಟಲ್ ಮಾಡಿತು. ಬೇರೆ ಬೇರೆ ಇಲಾಖೆಯ ಲೆಕ್ಕ ಒಂದೇ ಕಡೆ, ಪಂಚಾಯ್ತಿವಾರು, ಅರ್ಜಿ ಇಲ್ಲದೆ. ಅದರ ಬೆನ್ನಿಗೇ ಬಂದದ್ದು ನಮ್ಮ ಕರ್ನಾಟಕದ ಇಂಥದ್ದೇ ಪೋರ್ಟಲ್, ಮಾಹಿತಿ ಕಣಜ. ಹೆಸರು ನನಗೆ ತುಂಬಾ ಇಷ್ಟ. ಕಣಜಕ್ಕೆ ಕಾಳು ತುಂಬುತ್ತಾ ಇರಬೇಕು ಅನ್ನುವುದು ಮಾತ್ರ ಮರೆಯಬಾರದು. ಒಂದು ಪುಟ ಇವತ್ತಿನದ್ದು, ಇನ್ನೊಂದು ಪುಟ ಯಾವಾಗಿನದ್ದೋ, ಹಾಗಾದರೆ ಜನ ಎರಡನೇ ಸಲ ಬಾಗಿಲು ತೆಗೆಯುವುದಿಲ್ಲ.

ಪ್ರಶ್ನೆ: ನಾನು ಎಂಜಿನಿಯರಿಂಗ್ ಕೊನೆ ವರ್ಷ. ಪ್ರಾಜೆಕ್ಟಿಗೆ ಮೂರು ಇಲಾಖೆಗಳಿಂದ ಹಳ್ಳಿವಾರು ಮಾಹಿತಿ ತಗೊಂಡೆ: ಶಾಲೆ, ಬಾವಿ ನೀರಿನ ಮಟ್ಟ, ಜನಸಂಖ್ಯೆ. ಮೂರೂ ಒಂದಕ್ಕೊಂದು ಕೂಡುತ್ತಲೇ ಇಲ್ಲ! ಗೈಡ್ ನನ್ನ ಕೋಡ್ ತಪ್ಪು ಅಂತಾರೆ.
— ಬೆಂಗಳೂರು

ಉತ್ತರ: ನಿಮ್ಮ ಕೋಡ್ ಸರಿ ಇರಬಹುದು ಮಗಾ, ಊರಿನ ಹೆಸರು ಸರಿ ಇಲ್ಲ.

ಹೊಸಹಳ್ಳಿ ಅನ್ನುವ ಊರನ್ನೇ ತಗೋ. ಒಂದು ಪಟ್ಟಿಯಲ್ಲಿ ಹೊಸಹಳ್ಳಿ, ಇನ್ನೊಂದರಲ್ಲಿ ಹೊಸಳ್ಳಿ. ಇಂಗ್ಲಿಷಿನಲ್ಲಿ ಬರೆದಿದ್ದರೆ ಕೊನೆಗೆ ಒಬ್ಬರು ಐ ಹಾಕಿರುತ್ತಾರೆ, ಒಬ್ಬರು ವೈ. ಒಂದು ಕಡೆ ಎಚ್. ಅಂತ ಮೊದಲಕ್ಷರ ಹಾಕಿ ಮುಗಿಸಿರುತ್ತಾರೆ. ಸಾಲದ್ದಕ್ಕೆ ಹೊಸಹಳ್ಳಿ ಅಂತ ರಾಜ್ಯದಲ್ಲಿ ಎಷ್ಟು ಊರು ಇದೆಯೋ ಆ ಶಿವನಿಗೇ ಗೊತ್ತು, ಕೆಲವು ತಾಲ್ಲೂಕಿನಲ್ಲಿ ಎರಡು ಮೂರು. ಮನುಷ್ಯನಿಗೆ ನೋಡಿದ ಕೂಡಲೇ ಎರಡೂ ಒಂದೇ ಅಂತ ಗೊತ್ತಾಗುತ್ತದೆ, ಯಂತ್ರಕ್ಕೆ ಅವು ಬೇರೆ ಬೇರೆ ಊರು.

ಇದರ ಜೊತೆ ಗಡಿಗಳು ಬೇರೆ ಓಡಾಡುತ್ತವೆ. 2011ರ ಜನಗಣತಿಯಲ್ಲಿ ಕರ್ನಾಟಕಕ್ಕೆ 30 ಜಿಲ್ಲೆ, 176 ತಾಲ್ಲೂಕು. ಈಗ 31 ಜಿಲ್ಲೆ, ತಾಲ್ಲೂಕು 230 ದಾಟಿದೆ. ಹೊಸಪೇಟೆ ಆಗ ಬಳ್ಳಾರಿಯಲ್ಲಿತ್ತು, 2021ರಿಂದ ವಿಜಯನಗರ. ಇದು ಗೊತ್ತಿಲ್ಲದೆ ಆಗಿನ ಬಳ್ಳಾರಿಯನ್ನೂ ಈಗಿನ ಬಳ್ಳಾರಿಯನ್ನೂ ಹೋಲಿಸಿ "ಜನಸಂಖ್ಯೆ ಕುಸಿದಿದೆ" ಅಂತ ಸ್ಲೈಡ್ ಮಾಡಿ ತೋರಿಸಿದವರನ್ನ ನಾನೇ ನೋಡಿದ್ದೇನೆ. 2014ರ ನವೆಂಬರ್ 1ಕ್ಕೆ ಬೆಳಗಾವಿ, ಕಲಬುರಗಿ, ಮೈಸೂರು ಎಲ್ಲ ಸೇರಿ 12 ಊರಿನ ಇಂಗ್ಲಿಷ್ ಕಾಗುಣಿತ ಬದಲಾಯಿತು. ಕನ್ನಡದ ಕಿವಿಗೆ ಅದು ಖುಷಿಯೇ, ಹಳೇ ಫೈಲು ಹೊಸ ಫೈಲು ಜೋಡಿಸುವವರಿಗೆ ಮಾತ್ರ ತಲೆನೋವು.

ಇದಕ್ಕೆ ಮದ್ದು ಇಲ್ಲದೇ ಇಲ್ಲ. ಕೇಂದ್ರದ ಪಂಚಾಯತ್ ರಾಜ್ ಸಚಿವಾಲಯ ದೇಶದ ಪ್ರತಿ ಹಳ್ಳಿ, ಪಂಚಾಯ್ತಿ, ತಾಲ್ಲೂಕಿಗೆ ಒಂದೊಂದು ನಂಬರ್ ಕೊಟ್ಟಿದೆ. ಲೋಕಲ್ ಗವರ್ನಮೆಂಟ್ ಡೈರೆಕ್ಟರಿ ಅಂತ ಅದರ ಹೆಸರು. ಪ್ರತಿ ಇಲಾಖೆ ತನ್ನ ಪಟ್ಟಿಯಲ್ಲಿ ಆ ನಂಬರಿಗೊಂದು ಕಾಲಂ ಇಟ್ಟುಬಿಟ್ಟರೆ ನಿನ್ನ ಮೂರು ಫೈಲು ಹತ್ತು ನಿಮಿಷದಲ್ಲಿ ಕೂಡುತ್ತವೆ. ಇಲಾಖೆಗಳು ಕೈ ಜೋಡಿಸುವುದು ಅಂದರೆ ದೊಡ್ಡ ಸಭೆ, ಒಪ್ಪಂದ, ಹೂಗುಚ್ಛ ಅಂದುಕೊಂಡಿದ್ದೇವೆ. ನಾನು ಹೇಳುವುದು ಆ ಒಂದು ಕಾಲಂ. ಅದಿಲ್ಲ ಅಂದರೆ ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ನೀನು ಸದ್ಯಕ್ಕೆ ಆ ಡೈರೆಕ್ಟರಿ ಇಳಿಸಿಕೊಂಡು ಮೂರೂ ಪಟ್ಟಿಗೆ ಕೈಯಾರೆ ನಂಬರ್ ಹಾಕು. ಬೇಜಾರಿನ ಕೆಲಸ. ಮಾಡಿದ ಮೇಲೆ ಆ ಪಟ್ಟಿಯನ್ನು ಎಲ್ಲರಿಗೂ ಸಿಗುವ ಹಾಗೆ ಹಾಕು, ಮುಂದಿನ ಬ್ಯಾಚಿನವರು ನಿನಗೆ ಕಾಫಿ ಕೊಡಿಸುತ್ತಾರೆ.

ಪಿಡಿಎಫ್ ಬಗ್ಗೆಯೂ ನೀನು ಗೋಳು ಬರೆದಿದ್ದೀಯ, ಅದನ್ನು ಜಾಗ ಇಲ್ಲ ಅಂತ ಕತ್ತರಿಸಿದೆ. ಆದರೆ ಒಂದು ಮಾತು ಹೇಳಲೇಬೇಕು. ಕನ್ನಡದಲ್ಲಿರುವ ಎಷ್ಟೋ ಹಳೆಯ ಸರ್ಕಾರಿ ಫೈಲುಗಳು "ನುಡಿ" ಅನ್ನುವ ಟೈಪಿಂಗ್ ತಂತ್ರಾಂಶದ ಹಳೇ ಫಾಂಟಿನವು, ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯುನಿಕೋಡ್ ಅಲ್ಲ. ಅದರಲ್ಲಿ ಟೈಪ್ ಮಾಡಿದ "ಕನ್ನಡ" ಅನ್ನುವ ಪದವನ್ನು ಕಾಪಿ ಮಾಡಿ ಬೇರೆ ಕಡೆ ಅಂಟಿಸಿ ನೋಡು, ನಕಾರದ ಜಾಗದಲ್ಲಿ ಬ್ರಿಟಿಷರ ಪೌಂಡ್ ಗುರುತು ಬಂದು ಕೂರುತ್ತದೆ. ಪರದೆ ಮೇಲೆ ಚಂದ, ಯಂತ್ರಕ್ಕೆ ಕಸ. ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ, ಬಳಸು. ಸ್ಕ್ಯಾನ್ ಮಾಡಿದ ಪಿಡಿಎಫ್ ಆದರೆ ದೇವರೇ ಗತಿ. ಒಬ್ಬರು ಎಕ್ಸೆಲ್‌ನಲ್ಲಿ ಇದ್ದದ್ದನ್ನು ಪ್ರಿಂಟ್ ತೆಗೆದು, ಸೀಲು ಹಾಕಿ, ಸಹಿ ಮಾಡಿ, ಮತ್ತೆ ಸ್ಕ್ಯಾನ್ ಮಾಡಿ ಮೇಲೇರಿಸುತ್ತಾರೆ. ಸೀಲು ಓರೆಯಾಗಿ ಸರಿಯಾಗಿ ಮೊತ್ತದ ಮೇಲೇ ಬಿದ್ದಿರುತ್ತದೆ!

ಪ್ರಶ್ನೆ: ಮಾಹಿತಿ ಮಾರಿದರೆ ಸರ್ಕಾರಕ್ಕೆ ಆದಾಯ ಬರುತ್ತೆ, ಪುಕ್ಕಟೆ ಯಾಕೆ ಕೊಡಬೇಕು?
— ಮೈಸೂರು

ಉತ್ತರ: ಅಮೆರಿಕದವರು ಮಾರಿ ನೋಡಿದರು. ಲ್ಯಾಂಡ್‌ಸ್ಯಾಟ್ ಅಂತ 1972ರಿಂದ ಭೂಮಿಯ ಫೋಟೋ ತೆಗೆಯುತ್ತಿರುವ ಉಪಗ್ರಹಗಳಿವೆ. ಎರಡು ಸಂಸ್ಥೆಗಳ ಜಂಟಿ ಕೆಲಸ ಅದು: ಕಟ್ಟಿ ಹಾರಿಸುವುದು ನಾಸಾ, ನಡೆಸಿ ಚಿತ್ರ ಹಂಚುವುದು ಅಲ್ಲಿನ ಭೂವಿಜ್ಞಾನ ಸರ್ವೇಕ್ಷಣೆ. ಒಂದು ಕಾಲದಲ್ಲಿ ಒಂದು ಚಿತ್ರಕ್ಕೆ 600 ಡಾಲರ್. ಕಾಲೇಜಿನವರು ಒಂದೆರಡು ಕೊಂಡು ಅದನ್ನೇ ವರ್ಷಗಟ್ಟಲೆ ನೋಡುತ್ತಾ ಕೂರುತ್ತಿದ್ದರು. 2008ರಲ್ಲಿ ಪುಕ್ಕಟೆ ಮಾಡಿದರು. ಸಾವಿರಗಳ ಲೆಕ್ಕದಲ್ಲಿ ಹೋಗುತ್ತಿದ್ದದ್ದು ಲಕ್ಷಗಳ ಲೆಕ್ಕಕ್ಕೆ ಏರಿತು. ಕಾಡು ಎಷ್ಟು ಕಡಿದರು, ಕೆರೆ ಎಷ್ಟು ಒಣಗಿತು ಅಂತ ಊರೂರಿನವರು ನೋಡಲು ಶುರುಮಾಡಿದರು, ನಮ್ಮ ಬೆಂಗಳೂರಿನ ಕೆರೆಗಳ ಹಳೇ ಚಿತ್ರ ಹುಡುಕುವವರೂ ಸೇರಿ.

ನಮ್ಮಲ್ಲೂ ಕಾಗದದ ಮೇಲೆ ಒಪ್ಪಿಯಾಗಿದೆ. 2012ರಲ್ಲಿ ಕೇಂದ್ರ ಸರ್ಕಾರ ದತ್ತಾಂಶ ಹಂಚಿಕೆ ನೀತಿ ತಂದು, ಅದೇ ವರ್ಷ ಡೇಟಾ ಡಾಟ್ ಗವ್ ಡಾಟ್ ಇನ್ ಅನ್ನುವ ವೆಬ್‌ಸೈಟ್ ಶುರುಮಾಡಿತು. ಹಾಗೆ ಸಿಕ್ಕಿದ್ದನ್ನು ನಾವು ಮರುಬಳಕೆ ಮಾಡಬಹುದು, ಅದರಿಂದ ವ್ಯಾಪಾರವನ್ನೂ ಮಾಡಬಹುದು ಅಂತ 2017ರಲ್ಲಿ ಮುಕ್ತ ಲೈಸೆನ್ಸ್ ಬಂತು. 2021ರಲ್ಲಿ ನಕ್ಷೆಗಳ ಮೇಲಿದ್ದ ಕಟ್ಟುಪಾಡು ಸಡಿಲ ಮಾಡಿದರು. ಬಸ್ಸು ರೈಲಿನ ವಿಷಯದಲ್ಲಿ 2018ರಲ್ಲೇ ಕೊಚ್ಚಿ ಮೆಟ್ರೋ ತನ್ನ ವೇಳಾಪಟ್ಟಿಯನ್ನು ಯಾರು ಬೇಕಾದರೂ ಆಪ್ ಮಾಡಿಕೊಳ್ಳುವ ರೂಪದಲ್ಲಿ ತೆರೆದಿಟ್ಟಿತು. ಅದರಿಂದ ಕೊಚ್ಚಿಯವರಿಗೆ ಏನು ಗಂಟು ಹೋಯಿತು?

ಪ್ರಶ್ನೆ: ನಮ್ಮ ಸರ್ವೆ ನಂಬರ್ ಹಾಕಿದರೆ ಸಾಲ ಎಷ್ಟಿದೆ ಅಂತ ಊರಿಗೆಲ್ಲ ಕಾಣುತ್ತದೆ. ನಾದಿನಿ ಮದುವೆ ಮಾತುಕತೆಗೆ ಬಂದವರು ಫೋನಿನಲ್ಲೇ ಪಹಣಿ ತೆಗೆದು "ಸೊಸೈಟಿ ಸಾಲ ಇನ್ನೂ ಇದೆಯಲ್ಲ" ಅಂದುಬಿಟ್ಟರು. ಇದೂ ಮುಕ್ತ ಮಾಹಿತಿಯಾ ಅಣ್ಣಾ?
— ತುಮಕೂರು ಜಿಲ್ಲೆ

ಉತ್ತರ: ಓದಿ ನಗು ಬಂತು ತಂಗಿ, ಆಮೇಲೆ ಬೇಜಾರೂ ಆಯಿತು. ಪಹಣಿಯ 9ನೇ ಕಲಂನಲ್ಲಿ ಖಾತೆದಾರರ ಹೆಸರು, 11ರಲ್ಲಿ ಸಾಲ ಋಣ. ಇದು ಹಿಂದೆಯೂ ಗುಟ್ಟಿನ ಕಾಗದ ಆಗಿರಲಿಲ್ಲ, ಜಮೀನು ಕೊಳ್ಳುವವರು ಮೋಸ ಹೋಗಬಾರದಲ್ಲ. ಆದರೆ ಆಗ ಶಾನುಭೋಗರ ಮನೆ ಬಾಗಿಲಿಗೆ ಹೋಗಿ, ಯಾಕೆ ಬೇಕು ಅಂತ ಹೇಳಿ, ಕಾಯಬೇಕಿತ್ತು. 2000ದ ಹೊತ್ತಿಗೆ ಭೂಮಿ ಯೋಜನೆಯಲ್ಲಿ ಎರಡು ಕೋಟಿ ಪಹಣಿ ಕಂಪ್ಯೂಟರಿಗೆ ಬಂತು, 15 ರೂಪಾಯಿಗೆ ಪ್ರತಿ ಸಿಗುವಂತಾಯಿತು, ಲಂಚ ತಪ್ಪಿತು ಅಂತ ನಮ್ಮಪ್ಪನಂಥವರು ಖುಷಿಪಟ್ಟರು. ಈಗ ಅದೇ ಕಾಗದ ಅಂಗೈಯಲ್ಲಿ. ಮಾಹಿತಿ ಅದೇ, ದಾರಿ ಮಾತ್ರ ಸಲೀಸಾಯಿತು, ಅಷ್ಟಕ್ಕೇ ಅದರ ಗುಣವೇ ಬದಲಾಯಿತು.

ನನ್ನ ಅಭಿಪ್ರಾಯ ಕೇಳಿದರೆ: ಸರ್ಕಾರದ ದುಡ್ಡು, ಸರ್ಕಾರದ ಕೆಲಸ, ಮಳೆ, ನೀರು, ರಸ್ತೆ, ಇವು ಪೂರ್ತಿ ತೆರೆದಿರಲಿ. ಒಬ್ಬರ ಸಾಲ, ಕಾಯಿಲೆ, ಫೋನ್ ನಂಬರ್ ಬೇಡ. ನಡುವೆ ಇರುವುದೇ ಕಷ್ಟ. ಪಿಂಚಣಿ ಪಟ್ಟಿಯಲ್ಲಿ ಹೆಸರಿದ್ದರೇ ತಾನೇ ಸತ್ತವರ ಹೆಸರಲ್ಲಿ ಯಾರೋ ದುಡ್ಡು ತಿನ್ನುತ್ತಿರುವುದು ಊರಿಗೆ ಗೊತ್ತಾಗುವುದು? ಅದಕ್ಕೇ ನನಗೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯ 44ನೇ ಸೆಕ್ಷನ್ ಬಗ್ಗೆ ಸಮಾಧಾನ ಇಲ್ಲ. ಅದು ಮಾಹಿತಿ ಹಕ್ಕಿನ 8(1)(ಜೆ) ಯನ್ನು ಬದಲಿಸಿ, "ವೈಯಕ್ತಿಕ ಮಾಹಿತಿ" ಅಂದರೆ ಸಾಕು, ಕೊಡದೇ ಇರಬಹುದು ಅನ್ನುವ ಹಾಗೆ ಮಾಡಿತು. ಸಾರ್ವಜನಿಕ ಹಿತ ದೊಡ್ಡದಿದ್ದರೆ ಕೊಡಬಹುದು ಅನ್ನುವ 8(2) ಇನ್ನೂ ಉಳಿದಿದೆ, ಅರ್ಜಿಯಲ್ಲಿ ಅದನ್ನು ನೆನಪಿಸಿ. ನಿಮ್ಮ ನಾದಿನಿಗೆ ಒಳ್ಳೆಯದಾಗಲಿ. ಸೊಸೈಟಿ ಸಾಲ ಇಲ್ಲದ ರೈತರ ಮನೆ ಬೇಕಿದ್ದರೆ ಅವರು ಇನ್ನೂ ಸ್ವಲ್ಪ ಹುಡುಕಬೇಕಾದೀತು.

ಪ್ರಶ್ನೆ: ಮೂವತ್ತು ವರ್ಷ ಅಂಕಿ ಅಂಶದ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ನೀವು ನಮ್ಮನ್ನು ಬಚ್ಚಿಡುವವರು ಅಂತ ಬರೆಯುತ್ತೀರಿ. ಒಂದು ಅಂಕಿ ತಪ್ಪಿದರೆ ನೋಟಿಸ್ ಬರುವುದು ಕೆಳಗಿನವನಿಗೆ, ಗೊತ್ತೇ?
— ದಾವಣಗೆರೆ

ಉತ್ತರ: ಗೊತ್ತು ಸರ್. ನಿಮ್ಮ ಪತ್ರ ಎರಡು ಸಲ ಓದಿದೆ. ಬಚ್ಚಿಡುವುದು ದುರಾಸೆಯಿಂದ ಅಲ್ಲ, ಹೆದರಿಕೆಯಿಂದ ಅಂತ ನೀವು ಬರೆದದ್ದು ನಿಜ. ಎರಡು ಇಲಾಖೆಯ ಅಂಕಿ ಹೊರಗೆ ಬಂದು ಒಂದಕ್ಕೊಂದು ಹೊಂದದಿದ್ದರೆ ಮರುದಿನ ಪೇಪರಿನಲ್ಲಿ "ಗೋಲ್‌ಮಾಲ್" ಅಂತ ಹಾಕುವುದು ನಮ್ಮಂಥವರೇ. ಕೃಷಿಯವರು ಬಿತ್ತನೆ ಪ್ರದೇಶ ಒಂದು ಹೇಳುತ್ತಾರೆ, ಕಂದಾಯದವರ ಬೆಳೆ ಸಮೀಕ್ಷೆ ಇನ್ನೊಂದು ಹೇಳುತ್ತದೆ. ಒಬ್ಬರು ಮಾರಿದ ಬೀಜದ ಲೆಕ್ಕ ನೋಡಿರಬಹುದು, ಇನ್ನೊಬ್ಬರು ಹೊಲಕ್ಕೆ ಹೋಗಿ ಫೋಟೋ ತೆಗೆದಿರಬಹುದು. ಎರಡೂ ತಪ್ಪಲ್ಲ. ಹೇಗೆ ಅಳೆದೆವು, ಯಾವ ತಾರೀಕಿಗೆ, ಎಲ್ಲಿ ಅನುಮಾನ ಇದೆ ಅಂತ ಪಟ್ಟಿಯ ಕೆಳಗೆ ನಾಲ್ಕು ಸಾಲು ಇದ್ದರೆ ನಾವೂ ಬಾಯಿ ಮುಚ್ಚಿಕೊಳ್ಳುತ್ತೇವೆ. ಆ ನಾಲ್ಕು ಸಾಲು ಬರೆಯುವುದು ನಿಮ್ಮಂಥ ಅನುಭವಸ್ಥರಿಗೆ ಮಾತ್ರ ಗೊತ್ತು, ಅದನ್ನು ಯಾವ ಪೋರ್ಟಲ್ಲೂ ಬರೆದುಕೊಡುವುದಿಲ್ಲ. ಸಿದ್ದಾಪುರದವರ ಪ್ರಶ್ನೆ ಮೇಲೆ ಇದೆ ನೋಡಿ. ಬಿಡುವಿದ್ದರೆ ಅವರಿಗೆ ಅರ್ಜಿ ಬರೆದುಕೊಡಿ. ನಿಜವಾಗಿ ಹೇಳುತ್ತಿದ್ದೇನೆ, ವಿಳಾಸ ನನ್ನ ಹತ್ತಿರ ಇದೆ, ಇಬ್ಬರೂ ಒಪ್ಪಿದರೆ ಕಳಿಸುತ್ತೇನೆ.

ಪ್ರಶ್ನೆ: ಮಾಹಿತಿ ಹಕ್ಕಿನ ಅರ್ಜಿ ಟೈಪ್ ಮಾಡಿಸಲೇಬೇಕಾ? ಎಕ್ಸೆಲ್‌ನಲ್ಲೇ ಕೊಡಿ ಅಂತ ಕೇಳಬಹುದಾ?
— ಚಿಂತಾಮಣಿ

ಉತ್ತರ: ಕೈಯಲ್ಲಿ ಬರೆದರೂ ನಡೆಯುತ್ತದೆ, ಅಕ್ಷರ ಓದುವ ಹಾಗಿರಲಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ, ಇದು ತಪ್ಪಿದರೆ ಹಾಗೇ ವಾಪಸ್ ಬರುತ್ತದೆ. ಎಕ್ಸೆಲ್ ಖಂಡಿತ ಕೇಳಬಹುದು: ಕಂಪ್ಯೂಟರಿನಲ್ಲಿ ಇರುವುದನ್ನು ಎಲೆಕ್ಟ್ರಾನಿಕ್ ರೂಪದಲ್ಲೇ ಪಡೆಯುವ ಹಕ್ಕು ಕಾಯ್ದೆಯ ಸೆಕ್ಷನ್ 2(ಜೆ) ಯಲ್ಲಿದೆ, ಕೇಳಿದ ರೂಪದಲ್ಲೇ ಸಾಮಾನ್ಯವಾಗಿ ಕೊಡಬೇಕು ಅಂತ 7(9) ಹೇಳುತ್ತದೆ. ಎರಡೂ ನಂಬರನ್ನು ಅರ್ಜಿಯ ಕೊನೆ ಸಾಲಿನಲ್ಲಿ ಬರೆಯಿರಿ. ಮತ್ತೆ, ನಿಮ್ಮ ಊರಿನ ಹೆಸರನ್ನು ಅವರ ಪಟ್ಟಿಯಲ್ಲಿ ಹೇಗಿದೆಯೋ ಹಾಗೇ ಬರೆಯಿರಿ, ತಪ್ಪಾಗಿದ್ದರೂ.